ಬಾರಾ ಕುಂಟಾ

1957ನೆಯ ಇಸವಿ ಏಪ್ರಿಲ್ ಹತ್ತನೆಯ ತಾರೀಖು, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬೀದರ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಹದಿನಾಲ್ಕು ಕಲ್ಲು ಕಳವಾಗಿವೆ ಎಂಬುದೇ ದೂರು.

ದೂರು ತಂದವರು ಶರಫೋದ್ದೀನ ಸಾಹೇಬರು. ಹೈದರಾಬಾದ ಸರ್ಕಾರದಲ್ಲಿ ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಈಗ ಮೈಲೂರಿನ ಆಚೆ ಬಯಲಿನಲ್ಲಿ ಏಳುತ್ತಿದ್ದ ಗೋಲ್ಫ್ ಕಾಲನಿಯ ಸಂಘಕ್ಕೆ ಕಾರ್ಯದರ್ಶಿ. ಆ ಬಿಸಿಲಿನಲ್ಲೂ ಶೇರವಾನಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಬಂದಿದ್ದರು.

ಸಬ್ ಇನ್ಸ್‌ಪೆಕ್ಟರ್ ಗೋರಖನಾಥ ಪೆನ್ನು ತೆರೆದ. ಅವನು ಔರಾದಿನವನು, ಮೂವತ್ತೊಂದರ ಪ್ರಾಯ, ಓದಿದ್ದೆಲ್ಲ ಉರ್ದು ಶಾಲೆಯಲ್ಲಿ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳಾಗಿತ್ತು. ಠಾಣೆಯ ಬೋರ್ಡು ಬದಲಾಗಿತ್ತು, ಜನರ ಬಾಯಿ ಬದಲಾಗಿರಲಿಲ್ಲ. ಅವರಿಗೆ ಅವನಿನ್ನೂ ನಿಜಾಮರ ಕಾಲದ ಅಮೀನ ಸಾಹೇಬನೇ. ಎಫ್‌ಐಆರ್ ಇನ್ನು ಕನ್ನಡದಲ್ಲೇ ಆಗಬೇಕೆಂದು ಹುಕುಂ ಬಂದ ಮೇಲೆ ಒಂದೊಂದು ಒತ್ತಕ್ಷರದ ಹತ್ತಿರ ಅವನ ಪೆನ್ನು ಏರು ಕಂಡ ಎತ್ತಿನ ಹಾಗೆ ನಿಂತುಬಿಡುತ್ತಿತ್ತು.

“ಯಾವ ಕಲ್ಲುರಿ?”

“ಬಾಂದಕಲ್ಲು. ಸರ್ಕಾರಿ ಮೋಜಣಿದಾರ ನೆಟ್ಟಿದ್ದು. ಏಳನೇ ಕುಳಿ ಸುತ್ತ ಒಂದೂ ಉಳದಿಲ್ಲ.”

“ಕುಳಿ ಅಂದ್ರ?”

ಶರಫೋದ್ದೀನರು ಆಗ ತಮ್ಮ ಕನಸನ್ನು ಬಿಚ್ಚಿದರು. ಇಂಗ್ಲಿಷರ ಕಾಲದಲ್ಲಿ ಸಿಕಂದರಾಬಾದಿನ ಅಧಿಕಾರಿಗಳು ಬೇಸಿಗೆಗೆ ಬೀದರದ ತಂಪು ಹುಡುಕಿಕೊಂಡು ಬರುತ್ತಿದ್ದರಂತೆ. ಕೆಂಪು ನೆಲದಲ್ಲಿ ಹುಲ್ಲು ನಿಲ್ಲದೆ ಮರಳಿಗೆ ಎಣ್ಣೆ ಕಲಸಿ, ಅಂಗಳ ಸಾರಿಸಿದಂತೆ ನುಣುಪು ಮಾಡಿ, ನಡುವೆ ನಾಲ್ಕು ಕುಳಿ ತೋಡಿ, ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುತ್ತಿದ್ದರಂತೆ. ಎಳೆಯ ಇಂಜಿನಿಯರಾಗಿ ಅವರ ಹಿಂದೆ ನಡೆದ ಶರಫೋದ್ದೀನರಿಗೆ ಆ ಬಯಲು ಮನಸ್ಸಿನಿಂದ ಹೋಗಲೇ ಇಲ್ಲ. ಇಂಗ್ಲಿಷರು ಹೋದರು, ನಿಜಾಮರೂ ಹೋದರು, ಕುಳಿಗಳಲ್ಲಿ ತಂಗಡಿ ಬೆಳೆಯಿತು. ಎರಡು ವರ್ಷದ ಹಿಂದೆ ಸಂಘ ಕಟ್ಟಿ, ಈ ವರ್ಷ ಹೊಸ ಸರ್ಕಾರದಿಂದ ಬಯಲು ಪಡೆದು, ಒಂಬತ್ತು ಕುಳಿ, ಸುತ್ತ ನಲವತ್ತು ಮನೆ ಎಂದು ನಕ್ಷೆ ಬರೆದರು. ಧಾರವಾಡದಿಂದ, ಮೈಸೂರಿನಿಂದ ಈಗ ಬರುತ್ತಿರುವ ಅಧಿಕಾರಿಗಳೂ ಹೈದರಾಬಾದಿನ ಹಳಬರೂ ಒಂದೇ ಬಯಲಿಗೆ ಬಾಗಿಲು ತೆರೆದು ಬದುಕಬೇಕು, ಮನೆ ಮನೆಗಳ ನಡುವೆ ಗೋಡೆ ಇರಬಾರದು ಎಂಬುದು ಅವರ ಆಸೆ. ಮೂರು ಮನೆಗಳ ಅಡಿಪಾಯ ಎದ್ದಿತ್ತು. ಊರವರು ಅದಕ್ಕಾಗಲೇ ಗೋಲಿ ಕಾಲನಿ ಎಂದು ಹೆಸರಿಟ್ಟಿದ್ದರು.

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಪಂಢರಿ ಮೆಲ್ಲಗೆ ಅಂದ, “ನಮ್ಮ ಸಾಯಗಾಂವದಾಗ ಒಂದು ಗೋಲಿ ಗುಂಡಿಗಿ ಗೇಣು ಜಾಗಾ ಸಾಕಾಗ್ತದ್ರಿ.”

ಶರಫೋದ್ದೀನರು ಕೇಳದವರಂತೆ ಮುಂದುವರಿಸಿದರು. ಬರುವ ಸೋಮವಾರ ಕಡೆಯ ಮೋಜಣಿ. ಅಂದು ನಕ್ಷೆಗೆ ಮೊಹರು ಬಿದ್ದರೆ ಮಂಗಳವಾರ ಗುತ್ತೇದಾರ ಏಳನೇ ಕುಳಿಯ ತಗ್ಗಿಗೆ ಮಣ್ಣು ಹಾಕುತ್ತಾನೆ. ಕಲ್ಲಿಲ್ಲದೆ ಮೋಜಣಿ ಇಲ್ಲ.

ಕಲಮು 379, ಕಳವು ಎಂದು ಎಫ್‌ಐಆರ್ ಆಯಿತು.

ಸ್ಥಳ ಪಂಚನಾಮೆ ಶುರುವಾದದ್ದು ಹನ್ನೊಂದು ಹತ್ತಕ್ಕೆ. ಹೆಡ್ ಕಾನ್‌ಸ್ಟೇಬಲ್ ಖಾಜಾ ಮಿಯಾ ರೋಜಾ ಹಿಡಿದಿದ್ದ, ರಮಜಾನ್ ನಡೆದಿತ್ತು. ತುಟಿ ಒಣಗಿದ್ದರೂ ಅವನ ಕಣ್ಣು ಚುರುಕಾಗಿತ್ತು. ಕಲ್ಲು ಕಿತ್ತ ಹದಿನಾಲ್ಕು ಗುಣಿಗಳನ್ನೂ ಮತ್ತೆ ಮಣ್ಣು ತುಂಬಿ ತುಳಿದು ಸಮ ಮಾಡಿದ್ದನ್ನು ಮೊದಲು ತೋರಿಸಿದವನು ಅವನೇ. ಪಕ್ಕದಲ್ಲಿ ಸೈಕಲ್ ಗಾಲಿಯ ಗುರುತಿತ್ತು. ಹೋಗುವಾಗ ಆಳ, ಬರುವಾಗ ತೇಲು.

ಗಾಲಿಯ ಜಾಡು ಹಿಡಿದು ಹೋದ ಪಂಢರಿ ತಂಗಡಿ ಪೊದೆಗಳ ಆಚೆಯಿಂದ ಕರೆದ. “ಸಾಹೇಬ್ರ, ಕಳುವಾದ ಕಲ್ಲು ಇಲ್ಲಿ ಸಾಲಾಗಿ ನಿಂತಾವ್ರಿ.”

ನಿಂತಿದ್ದವು. ಹದಿನಾಲ್ಕಕ್ಕೆ ಹದಿನಾಲ್ಕು, ಮೊಣಕಾಲೆತ್ತರದ ಕಲ್ಲುಗಳು, ಬುಡಕ್ಕೆ ಗಟ್ಟಿಯಾಗಿ ಮಣ್ಣು ಕಚ್ಚಿಕೊಂಡು, ಅಲ್ಲೇ ಹುಟ್ಟಿದವರಂತೆ. ಗೋರಖನಾಥ ಟೇಪು ಹಿಡಿಸಿದ. ಕಲ್ಲಿನಿಂದ ಕಲ್ಲಿಗೆ ಮೂವತ್ತಮೂರು ಅಡಿ. ಮುಂದಿನದೂ ಮೂವತ್ತಮೂರು. ಅದು ಒಂದು ಗುಂಟೆಯ ಬದಿ. ಒಂದು ಕಡೆ ನಾಲ್ಕು ಗುಂಟೆ, ಇನ್ನೊಂದು ಕಡೆ ಮೂರು. ಒಟ್ಟು ಹನ್ನೆರಡು ಗುಂಟೆ, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಂಘಕ್ಕೆ ಸಲ್ಲಬೇಕಾದ ಹನ್ನೆರಡು ಗುಂಟೆಯನ್ನು ಯಾರೋ ಎತ್ತಿ ಪಕ್ಕದ ಬರಡಿನಲ್ಲಿ ಇಟ್ಟುಹೋಗಿದ್ದರು.

“ಇಂವ ಕಳ್ಳ ಅಲ್ರಿ,” ಎಂದ ಖಾಜಾ ಮಿಯಾ. “ಕಚೇರಿ ಮನಷ್ಯಾ.”

ಹಾಗಾದರೆ ಕಲ್ಲು ಮೊದಲಿದ್ದ ಜಾಗದಲ್ಲಿ ಏನಿತ್ತು? ಗೋರಖನಾಥ ತಿರುಗಿ ಬಂದು ನೋಡಿದ. ಶರಫೋದ್ದೀನರು ತಗ್ಗು ಎಂದಿದ್ದು ತಗ್ಗಾಗಿರಲಿಲ್ಲ. ಕೆಂಪು ಕಲ್ಲಿನ ಮೆಟ್ಟಿಲಿಳಿದು ಹೋಗುವ ಸಣ್ಣ ಕೆರೆಯೊಂದು, ಒಂದು ಕುಂಟೆ, ನೆಲದೊಳಗೆ ಕಣ್ಣು ತೆರೆದು ಮಲಗಿತ್ತು. ಹೆಂಗಸರು ಕೊಡ ತುಂಬುತ್ತಿದ್ದರು. ಅವರಲ್ಲಿ ಹಿರಿಯಳು ಗಿರಿಜಾಬಾಯಿ. ಪೊಲೀಸರನ್ನು ಕಂಡರೂ ಅವಳು ಸೆರಗು ಸರಿಪಡಿಸಿಕೊಂಡಳೇ ಹೊರತು ಕೊಡ ಇಳಿಸಲಿಲ್ಲ.

“ಕಲ್ಲು ತಗದವ್ರು ನೀವೇನವ್ವಾ?”

“ನಾವು ತಗದಿದ್ರ ಗುತ್ತೇದಾರನ ನೆತ್ತಿ ಮ್ಯಾಲ ಇಡ್ತಿದ್ವಿ, ಅಮೀನ ಸಾಬ. ಇಷ್ಟು ಚೆಂದ ಯಾಕ ನಡ್ತಿದ್ವಿ?”

“ಯಾರನ್ನಾದ್ರೂ ನೋಡೀರೇನು?”

“ನಸುಕಿನ್ಯಾಗ ಒಬ್ಬಾಂವ ಸೈಕಲ್ ತೊಗೊಂಡು ಬರ್ತಿದ್ದ. ಟೊಪಗಿ ಹಾಕ್ಯಾನ. ಹೆಜ್ಜಿ ಎಣಿಸ್ಕೋತ ನಡೀತಾನ. ಏನೋ ಹರಕಿ ಅದ ಪಾಪ ಅಂತ ನಾವು ಮಾತಾಡ್ಸಲಿಲ್ಲ.”

“ಈ ನೀರಿಗಿ ಹೆಸರೇನು?”

“ಬಾರಾ ಕುಂಟಾ. ಬಾರಾ ಮೆಟ್ಟಲ ಅವ. ಹನ್ನೆರಡು ಮಂದಿ ಅಕ್ಕತಂಗೇರು ಒಬ್ಬೊಬ್ರು ಒಂದೊಂದು ಹಾಕ್ಯಾರಂತ ನಮ್ಮತ್ತಿ ಹೇಳ್ತಿದ್ಳು. ಈ ಬಿಸಲಾಗೂ ಒಂಬತ್ತು ಇಳದ್ರ ನೀರು ಸಿಗ್ತದ.” ಅವಳು ಮೆಟ್ಟಿಲ ಮೇಲೆ ನಿಂತಳು. “ಕಾಗದದಾಗ ಕುಂಟಾ ಇಲ್ಲಂತ ಆ ಇಂಜಿನೇರ ಸಾಬ ಅಂತಾರ. ನಮ್ಮ ಕೊಡದಾಗ ಅದ, ನೋಡ್ರಿ.”

ಕೇರಿಯ ಬಾವಿ ಫಾಲ್ಗುಣದಲ್ಲೇ ಬತ್ತಿತ್ತೆಂದು ಉಳಿದವರು ಹೇಳಿದರು. ಮಂಗಳವಾರ ಮಣ್ಣು ಬಿದ್ದರೆ ಅರವತ್ತು ಮನೆಗೆ ನೀರಿಲ್ಲ.

ಮಾರನೆಯ ದಿನ, ಗುರುವಾರ, ಏಳೂವರೆಯ ಬಸ್ಸಿಗೆ ಗೋರಖನಾಥ ಭಾಲ್ಕಿಗೆ ಹೋದ. ಮೊದಲು ಕಲ್ಲು ನೆಟ್ಟಿದ್ದ ಮೋಜಣಿದಾರ ಮಚ್ಛೇಂದ್ರನಿಗೆ ಅಲ್ಲಿಗೆ ವರ್ಗವಾಗಿತ್ತು. ಕಡೆಯ ಮೋಜಣಿಗೂ ಅವನೇ ಬರಬೇಕಿತ್ತು. ಬಿಸಿಲಲ್ಲಿ ಸರಪಳಿ ಎಳೆದು ಎಳೆದು ಸುಟ್ಟ ಮುಖದ ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. ನೀರು ಕಂಡಿದ್ದ, ಕಚೇರಿಯಲ್ಲಿ ಕೇಳಿದ್ದ. ಪಹಣಿಯಲ್ಲಿ ಬರೆದಿದ್ದನ್ನು ಅಳೆ ಎಂದರು, ಅಳೆದ. ಸೋಮವಾರ ಮಾತ್ರ ಕಲ್ಲು ಎಲ್ಲಿವೆಯೋ ಅಲ್ಲಿಗೇ ನಕ್ಷೆ ಬರೆಯುವುದು. ಕಡೆಯ ಮೋಜಣಿಯ ಪದ್ಧತಿಯೇ ಅದು.

“ಇದನ್ನ ನಿಮ್ಮನ್ನ ಇನ್ಯಾರಾದ್ರೂ ಕೇಳ್ಯಾರೇನ್ರಿ?”

ಮಚ್ಛೇಂದ್ರ ಯೋಚಿಸಿದ. “ಹೋದ ವಾರ ಬೀದರ ತಹಶೀಲಿನ ಉಸ್ಮಾನ ಮಿಯಾ ಬಂದಿದ್ರು. ವಯಸ್ಸಾದ ಮುನ್ಶಿ. ರೋಜಾ ಇಟ್ಕೊಂಡು ಬಸ್ಸಿನ್ಯಾಗ ಬಂದಿದ್ರು. ಕಲ್ಲು ನೋಡಿ ಬರೀತೀರೋ, ಕಾಗದಾ ನೋಡಿ ಬರೀತೀರೋ ಅಂತ ಒಂದೇ ಮಾತು ಕೇಳಿ, ನೀರೂ ಮುಟ್ಟದ ಹೊಂಟುಹೋದ್ರು.”

ಶುಕ್ರವಾರ ಹತ್ತೂವರೆಗೆ ಗೋರಖನಾಥನೂ ಖಾಜಾ ಮಿಯಾನೂ ತಹಶೀಲು ಕಚೇರಿಯ ದಫ್ತರ ಕೋಣೆಯಲ್ಲಿದ್ದರು. ಆ ಚಳಿಗಾಲವಿಡೀ ಉರ್ದು ದಾಖಲೆಗಳನ್ನು ಕನ್ನಡಕ್ಕೆ ಇಳಿಸುವ ಕೆಲಸ ಆ ಕೋಣೆಯಲ್ಲಿ ನಡೆದಿತ್ತು. ಆರು ಮಂದಿ ಹಳೆಯ ಮುನ್ಶಿಗಳು, ಅವಸರದಲ್ಲಿ ಕಲಿತ ಲಿಪಿ, ದಿನಕ್ಕೆ ನೂರು ಹಾಳೆ. ಗೋರಖನಾಥ ಹೊಸ ಪಹಣಿಯಲ್ಲಿ ಬೆರಳಾಡಿಸಿದ. ಅಲ್ಲಿ ಇದ್ದದ್ದು: ‘ಹನ್ನೆರಡು ಗುಂಟೆ, ಸರ್ಕಾರಿ ಪಡ.’ ಪಡ ಎಂದರೆ ಬೀಳು ನೆಲ. ಕೆರೆಯ ಸುದ್ದಿಯೇ ಇಲ್ಲ. ಹಳೆಯ ಉರ್ದು ಹಾಳೆ ತೆಗೆಸಿದ. ಓಡುಬರಹ, ಇರುವೆಯ ಸಾಲಿನ ಹಾಗೆ, ಉರ್ದು ಓದಿದ ಅವನಿಗೂ ಬಿಡಿಸಲಾಗದ್ದು.

ಖಾಜಾ ಮಿಯಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಪದದ ಕೆಳಗೆ ಉಗುರಿಟ್ಟ.

“ಬಾರಾ ಗುಂಟಾ ಅಂತ ಓದಬಹುದ್ರಿ. ಬಾರಾ ಕುಂಟಾ ಅಂತನೂ ಓದಬಹುದು. ಗಾಫ್ ಆದ್ರ ಮ್ಯಾಲ ಎರಡು ಗೀಟು, ಕಾಫ್ ಆದ್ರ ಒಂದು. ಇಲ್ಲಿ ಒಂದೇ ಅದ. ಆದ್ರ ಓಡಿಸಿ ಬರಿಯೋರು ಎರಡನೇ ಗೀಟು ಹಾಕೂದೇ ಇಲ್ಲ. ಕುಂಟಾ ನೋಡ್ದವ್ರಿಗಿ ಕುಂಟಾ, ನೋಡದವ್ರಿಗಿ ಗುಂಟಾ.”

ಒಂದು ಗೀಟು. ಅಷ್ಟಕ್ಕೇ ಹನ್ನೆರಡು ಮೆಟ್ಟಿಲಿನ ಕೆರೆಯೊಂದು ಹನ್ನೆರಡು ಗುಂಟೆ ಬರಡಾಗಿ ಕುಳಿತಿತ್ತು. ಕನ್ನಡ ಹಾಳೆಯ ಕೆಳಗೆ, ತಿದ್ದಿ ತಿದ್ದಿ ಬರೆದ ಅಕ್ಷರದಲ್ಲಿ, ಉಸ್ಮಾನ ಮಿಯಾ ಎಂದು ಸಹಿಯಿತ್ತು.

ಉಸ್ಮಾನ ಮಿಯಾರ ಮನೆ ಹಳೆ ಊರಿನ ಓಣಿಯಲ್ಲಿ. ಇವರು ಹೋದಾಗ ಸಂಜೆ ಐದು ಹತ್ತು. ಸೈಕಲ್ಲು ಗೋಡೆಗೆ ಒರಗಿತ್ತು, ಹಿಂದಿನ ಕ್ಯಾರಿಯರ್ ಬಾಗಿ ಗಾಲಿಗೆ ತಾಗಿತ್ತು. ಒಳಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಾಗುಣಿತ. ಇಪ್ಪತ್ತನೆಯ ತಾರೀಖಿಗೆ ನೌಕರರ ಕನ್ನಡ ಪರೀಕ್ಷೆಯಿತ್ತು. ಹೆಂಡತಿ ಬದರುನ್ನಿಸಾ ಪರದೆಯ ಹಿಂದಿನಿಂದಲೇ ಕೂಡಲು ಹೇಳಿ ಒಳಗೆ ಹೋದಳು.

“ಸೈಕಲ್ ನಿಮ್ದೇನ್ರಿ?”

“ನಂದೇ.”

“ಅಂಗೈ ತೋರಸ್ರಿ.”

ಐವತ್ತನಾಲ್ಕು ವರ್ಷದ ಆ ಬಡಕಲು ಮನುಷ್ಯ ಎರಡೂ ಕೈ ಚಾಚಿದ. ಲೇಖನಿ ಬಿಟ್ಟು ಬೇರೇನೂ ಹಿಡಿಯದ ಕೈ. ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತ್ತು.

ಅವರು ಅಡ್ಡ ಮಾತಾಡಲಿಲ್ಲ. ಮಾರ್ಚ್ ಕೊನೆಗೆ ಯಾರದೋ ಮಯ್ಯತಿನ ಮಣ್ಣಿಗೆಂದು ಮೈಲೂರಿಗೆ ಹೋದಾಗ ಬಾಯಾರಿ ಆ ಕೆರೆಗಿಳಿದಿದ್ದರು. ಹೆಸರು ಕೇಳಿದರು. ಹೆಸರು ಕಿವಿಗೆ ಬಿದ್ದ ಕೂಡಲೇ ತಾವು ಬರೆದ ಹಾಳೆ ಕಣ್ಣ ಮುಂದೆ ಬಂತು. ಅಂದಿನಿಂದ ನಿದ್ದೆ ಇಲ್ಲ. ಕಡೆಯ ಮೋಜಣಿಯಲ್ಲಿ ಕಲ್ಲೇ ಪ್ರಮಾಣವೆಂದು ತಿಳಿದ ಮೇಲೆ, ಸಹರಿಯ ಊಟ ಮುಗಿಸಿ, ನಮಾಜು ಮಾಡಿ, ನಸುಕಿನಲ್ಲಿ ದಿನಕ್ಕೆ ಎರಡೋ ಮೂರೋ ಕಲ್ಲು ಸೈಕಲ್ಲಿಗೆ ಕಟ್ಟಿ ಸಾಗಿಸಿದರು. ಉಪವಾಸದ ದಿನಗಳಲ್ಲಿ.

“ಕಚೇರ್ಯಾಗ ಹೇಳಿದ್ರ ಮುಗೀತಿತ್ತಲ್ರಿ?”

“ಹ್ಯಾಂಗ ಹೇಳ್ಲಿ, ಅಮೀನ ಸಾಬ? ಒಂದು ತಪ್ಪು ಸಿಕ್ರ ಎಲ್ಲಾ ಹಾಳಿ ತಿರುವಿ ಹಾಕ್ತಾರ. ಈ ಉರ್ದು ಮುದುಕರಿಗಿ ಕನ್ನಡ ಬರೂದಿಲ್ಲ, ಮನಿಗಿ ಕಳಸ್ರಿ ಅಂತಾರ. ನನ್ನ ನೌಕರಿ ಒಂದೇ ವರ್ಷ ಉಳದದ, ಹೋದ್ರ ಹೋಗ್ಲಿ. ಉಳದ ಐದು ಮಂದಿ ಏನ್ ಮಾಡ್ಯಾರ? ಒಬ್ಬಾಂವನ ಮನ್ಯಾಗ ನಾಲ್ಕು ಹೆಣ್ಮಕ್ಕಳವ.”

ಗೋರಖನಾಥ ಗೋಡೆಯ ಕಾಗುಣಿತ ನೋಡುತ್ತ ಕುಳಿತ. ಆಮೇಲೆ, ಯಾಕೆಂದು ಅವನಿಗೇ ತಿಳಿಯಲಿಲ್ಲ, ತನ್ನ ಕತೆ ಹೇಳಿದ. ನಮ್ಮ ಬಾಯಲ್ಲಿ ಮನಿ ಎಂದದ್ದು ಬರಹದಲ್ಲಿ ಮನೆ, ಸಾಲಿ ಎಂದದ್ದು ಶಾಲೆ. ಅದನ್ನೇ ನಂಬಿ ಹೋದ ತಿಂಗಳು ಒಂದು ಹೊಡೆದಾಟದ ಕೇಸಿನಲ್ಲಿ ಕತ್ತಿಯನ್ನೂ ತಿದ್ದಿ, ‘ಆರೋಪಿಯು ಕತ್ತೆಯನ್ನು ಝಳಪಿಸಿದನು’ ಎಂದು ಬರೆದಿದ್ದ. ಕತ್ತೆ ಎಷ್ಟು ಉದ್ದವಿತ್ತು ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದರು.

ಉಸ್ಮಾನ ಮಿಯಾ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

“ಕಲ್ಲು ಇನ್ನ ಕೇಸಿನ ಮಾಲು,” ಎಂದ ಗೋರಖನಾಥ. “ಸೋಮವಾರ ಅವನ್ನ ಮೊದಲಿನ ಜಾಗಾಕ್ಕೇ ನಡ್ತಾರ. ಮಂಗಳವಾರ ಮಣ್ಣು ಬೀಳ್ತದ. ನೀರು ಉಳಿಬೇಕಂದ್ರ ಕಾಗದಾನೇ ತಿದ್ದಬೇಕು. ಅದನ್ನ ಬರೆದವ್ರೇ ಹೇಳಬೇಕು.”

“ಬಂಧನ?”

“ಅದರ ವೇಳೆ ಹಾಕಾಂವ ನಾನು. ನೀವು ಮೊದಲು ಅರ್ಜಿ ಬರೀರಿ, ತಾವಾಗೇ ಹೇಳ್ದಂಗ ಆಗ್ತದ.”

ಉಸ್ಮಾನ ಮಿಯಾ ಪರದೆಯ ಕಡೆ ನೋಡಿದರು. ಅದರ ಕೆಳಗಿನಿಂದ ಬದರುನ್ನಿಸಾಳ ಕೈ ಮಸಿಕುಡಿಕೆಯನ್ನು ಹೊರಗೆ ಸರಿಸಿತು.

ತಹಶೀಲ್ದಾರರಿಗೆ ಅರ್ಜಿ ಕನ್ನಡದಲ್ಲೇ ಬರೆದರು. ಬೊಬ್ಬೆಗೆ ತಾಗದಂತೆ ಲೇಖನಿಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು. ಈ ತಪ್ಪು ನನ್ನೊಬ್ಬನದು, ಉಳಿದ ಐವರ ಹಾಳೆಗಳು ಸರಿ ಇವೆ, ಬೇಕಾದರೆ ನನ್ನ ಹಾಳೆಗಳನ್ನಷ್ಟೇ ತಪಾಸಿಸಿರಿ ಎಂದು ಕೊನೆಯ ಸಾಲು. ಕುಂಟೆ ಎಂಬ ಪದ ಬಂದಾಗ ಲೇಖನಿ ಎತ್ತಿ, “ಕ ಹೀಂಗೇ ಅಲ್ರಿ?” ಎಂದು ಕೇಳಿದರು. ಹೌದೆಂದ ಗೋರಖನಾಥ. ಅರ್ಜಿ ಮುಗಿದದ್ದು ಐದು ಐವತ್ತಕ್ಕೆ. ಪಂಢರಿ ಅದನ್ನು ಹಿಡಿದು ತಹಶೀಲ್ದಾರರ ಬಂಗಲೆಗೆ ಓಡಿದ. ಬಂಧನದ ವೇಳೆ ಆರು ಗಂಟೆ ಐದು ನಿಮಿಷ ಎಂದು ಬರೆಯಲಾಯಿತು. ಆ ಸಂಜೆ ಠಾಣೆಯಲ್ಲಿ ಖಾಜಾ ಮಿಯಾನೂ ಆರೋಪಿಯೂ ಒಂದೇ ತಟ್ಟೆಯಲ್ಲಿ ಇಫ್ತಾರ್ ಮಾಡಿದರು.

ಶನಿವಾರ ತಹಶೀಲ್ದಾರರು ಖುದ್ದು ಬಂದು ಮೆಟ್ಟಿಲಿಳಿದು ನೋಡಿ, ಮಣ್ಣು ಹಾಕಬಾರದೆಂದು ಹುಕುಂ ಬರೆದರು. ಉಸ್ಮಾನ ಮಿಯಾರನ್ನು ಅಮಾನತಿನಲ್ಲಿಟ್ಟರು. ಉಳಿದ ಐವರು ಮುನ್ಶಿಗಳ ಸುದ್ದಿಗೆ ಹೋಗಲಿಲ್ಲ. ಶರಫೋದ್ದೀನರೂ ನೀರಿನ ಅಂಚಿಗೆ ಇಳಿದರು. ಕಾಗದದಲ್ಲಿ ಪಡ ಎಂದಿತ್ತು, ನಾನು ಕಾಗದವನ್ನೇ ನೋಡಿದೆ ಎಂದರು. ಪೊದೆಯ ಆಚೆಯ ಹನ್ನೆರಡು ಗುಂಟೆಯೇ ಸಾಕು, ಏಳನೇ ಕುಳಿ ಕೆರೆ ಸುತ್ತಿಕೊಂಡು ಹೋಗಲಿ, ದೂರು ವಾಪಸು ಕೊಡಿ ಎಂದು ಕೇಳಿದರು. ದಾಖಲಾದ ದೂರು ಹರಿಯಲು ಬರುವುದಿಲ್ಲವೆಂದು ಗೋರಖನಾಥ ಹೇಳಬೇಕಾಯಿತು. ಕಲ್ಲನ್ನು ತನಗೆಂದು ಒಯ್ದಿರಲಿಲ್ಲವಾದ್ದರಿಂದ ಕಳವಿನ ಕಲಮು ಬಿದ್ದುಹೋಯಿತು. ಗಡಿಯ ಗುರುತು ಸರಿಸಿದ ಕಲಮು, 434, ಉಳಿಯಿತು.

ಸೋಮವಾರ ಅವನು ಕೇಸ್ ಡೈರಿ ಮುಗಿಸಲು ಕುಳಿತ. ಉದ್ದೇಶ ಎಂಬ ಅಂಕಣ ಖಾಲಿಯಿತ್ತು. ಹೊಟ್ಟೆಕಿಚ್ಚು, ದುರಾಸೆ, ಹಳೆಯ ದ್ವೇಷ. ಅಲ್ಲಿ ಬರೆಯುವ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಯಾವುದೂ ಒದಗಲಿಲ್ಲ. ಕಡೆಗೆ ನಿಧಾನವಾಗಿ, ಒತ್ತಕ್ಷರಗಳನ್ನು ಒಂದೊಂದಾಗಿ ಇಟ್ಟು, ಹೀಗೆ ಬರೆದ:

‘ಆರೋಪಿಗೆ ಕಲ್ಲುಗಳಿಂದ ಲಾಭವಿರಲಿಲ್ಲ. ತಾನು ಬರೆದ ಅಕ್ಷರದಿಂದ ಜನರ ನೀರು ಹೋಗಬಾರದು, ಅದನ್ನು ತಿದ್ದಿದ್ದರಿಂದ ಜೊತೆಯವರ ಅನ್ನ ಹೋಗಬಾರದು ಎಂದು, ಹೇಳಲಾರದೆ, ಕಲ್ಲು ಹೊತ್ತನು.’