ಬೆಚ್ಚನೆ ಪೆಟ್ಟಿಗೆಯ ಕಳವು

ಬೆಳಿಗ್ಗೆ ಏಳೂವರೆಗೆ ನೋಡಿದರೆ ಆಸ್ಪತ್ರೆಯ ಲ್ಯಾಬಿನ ಬೀಗ ಮುರಿದಿತ್ತು. ಒಳಗಿದ್ದ ಇನ್‌ಕ್ಯುಬೇಟರ್ ಎಂಬ ಬೆಚ್ಚನೆ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಅದರೊಳಗಿನ ಪ್ಲಾಸ್ಟಿಕ್ ಡಬ್ಬಿ ನಾಪತ್ತೆ.

ಡಬ್ಬಿಯಲ್ಲಿದ್ದದ್ದು ಚಿನ್ನವಲ್ಲ. ವಾರ್ಡಿನಲ್ಲಿ ಮಲಗಿದ್ದ ಪೇಂಟರ್‌ನ ಹೊಟ್ಟೆಯ ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗಳು. ಮೂರು ವಾರ ಬೆಳೆಸಿ, ಇವತ್ತು ಹತ್ತು ಗಂಟೆಗೆ ಅವನ ಪಾದದ ಮಾಯದ ಗಾಯಕ್ಕೆ ಹಾಕಬೇಕಿತ್ತು. ಇಲ್ಲದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸುವುದೇ ಗತಿ. ಏಣಿ ಹತ್ತಿ ಹೊಟ್ಟೆ ಹೊರೆಯುವವನಿಗೆ ಕಾಲು ಹೋದ ಮೇಲೆ ಉಳಿಯುವುದೇನು?

ಮಹಿಳಾ ಇನ್‌ಸ್ಪೆಕ್ಟರ್ ಬಂದಾಗ ಪೇಂಟರ್‌ನ ಹೆಂಡತಿ ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡಳು.

“ಕಳ್ಳ ಆಮೇಲೆ ಸಿಗ್ಲಿ ಮೇಡಂ. ಮೊದಲು ಡಬ್ಬಿ ಹುಡುಕಿಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಏಳಮ್ಮ. ಹೊರಗೆ ಎಷ್ಟು ಹೊತ್ತು ಬದುಕುತ್ತೆ ಅದು?”

“ಕೆಲವು ಗಂಟೆ, ಅಷ್ಟೇ,” ಎಂದರು ಪಕ್ಕದಲ್ಲಿದ್ದ ಸರ್ಜನ್.

* * *

ಲ್ಯಾಬ್ ಟೆಕ್ನಿಷಿಯನ್‌ನ ಕಣ್ಣು ಕೆಂಪಾಗಿತ್ತು.

“ಮೂರು ವಾರ ಮಗೂನ ಸಾಕಿದ ಹಾಗೆ ಸಾಕಿದ್ದೆ ಮೇಡಂ. ಏಳು ಗಂಟೆಗೆ ಪೇಂಟರ್ ತಮ್ಮ ಇಲ್ಲೇ ಸುಳಿದಾಡ್ತಿದ್ದ. ಕಣ್ಣಾರೆ ನೋಡ್ದೆ.”

ನಂಬುವಂಥ ಮಾತೇ. ಹಿಂದಿನ ದಿನ ಆ ತಮ್ಮ ವಾರ್ಡಿನಲ್ಲಿ ರಂಪ ಮಾಡಿದ್ದ. ಕರೆಸಿ ಕೇಳಿದರೆ ಮುಚ್ಚಿಡಲೂ ಇಲ್ಲ.

“ಹೌದು, ಬೈದೆ. ನಮ್ಮಣ್ಣನ ಮೈಯಲ್ಲಿರೋದೇ ಮೂಳೆ, ಚರ್ಮ. ಅವನಿಗೂ ಕೊಬ್ಬಿದೆ ಅಂತ ಕಂಡುಹಿಡಿದೋರು ಇವರೇ! ಪ್ರಯೋಗ ಎಲ್ಲ ಬೇಡ ಅಂದೆ. ಹಾಗಂತ ಅಣ್ಣನ ಕಾಲಿಗೇ ಕನ್ನ ಹಾಕ್ತೀನಾ?”

“ಏಳು ಗಂಟೆಗೆ ಎಲ್ಲಿದ್ದೆ?”

ಅವನು ತೋಳು ಚಾಚಿದ. ಸೂಜಿ ಚುಚ್ಚಿದ ಕಡೆ ಹತ್ತಿ ಅಂಟಿಸಿದ್ದರು. ಅಣ್ಣನಿಗೆ ಬೇಕಾದೀತೆಂದು ಕೆಳಮಹಡಿಯಲ್ಲಿ ರಕ್ತ ಕೊಡುತ್ತಿದ್ದನಂತೆ. ಏಳೂಕಾಲಿನವರೆಗೂ ಅವನನ್ನು ಏಳಲು ಬಿಟ್ಟಿರಲಿಲ್ಲವೆಂದು ನರ್ಸ್ ಹೇಳಿದಳು.

ಹಾಗಾದರೆ ಟೆಕ್ನಿಷಿಯನ್ ಕಣ್ಣಾರೆ ನೋಡಿದ್ದು ಯಾರನ್ನು? ಗಂಟೆ ಒಂಬತ್ತಾಗಿತ್ತು. ಹೆಂಡತಿ ಕಸದ ಬುಟ್ಟಿಗಳನ್ನೆಲ್ಲ ಬರಿಗೈಯಲ್ಲಿ ಕೆದಕುತ್ತಿದ್ದಳು.

* * *

“ಇದನ್ನ ಕದ್ದು ಯಾರಿಗೆ ಏನು ಲಾಭ ಡಾಕ್ಟ್ರೇ?” ಇನ್‌ಸ್ಪೆಕ್ಟರ್ ಸರ್ಜನ್‌ರನ್ನು ಕೇಳಿದರು.

“ಯಾರಿಗೂ ಇಲ್ಲ. ಅವನಿಗೋಸ್ಕರ ಅಂತಲೇ ಬೆಳೆಸಿದ್ದು.”

“ಬೆಳೆಸೋದು ಹೇಗೆ?”

“ಬಿಸಿ ಬೇಕು, ಊಟ ಬೇಕು. ಊಟ ಅಂದ್ರೆ ಒಂದು ಕೆಂಪು ದ್ರವ. ಎರಡು ದಿನಕ್ಕೊಮ್ಮೆ ಹಳೇದು ತೆಗೆದು ಹೊಸದು ಹಾಕ್ಬೇಕು. ಒಬ್ಬೊಬ್ಬ ರೋಗಿಗೂ ಬೇರೆಯಾಗಿ ನಾಲ್ಕು ಬಾಟಲಿ ತರಿಸ್ತೀವಿ, ಮೂರು ವಾರಕ್ಕೆ ಅಷ್ಟೂ ಖಾಲಿಯಾಗುತ್ತೆ.”

ಇನ್‌ಸ್ಪೆಕ್ಟರ್ ಫ್ರಿಜ್ ತೆರೆದರು. ಪೇಂಟರ್‌ನ ಹೆಸರು ಬರೆದ ನಾಲ್ಕು ಬಾಟಲಿಗಳಿದ್ದವು. ಒಂದರಲ್ಲಿ ಸ್ವಲ್ಪ ಕಡಿಮೆಯಾಗಿತ್ತು. ಉಳಿದ ಮೂರರ ಸೀಲೇ ಒಡೆದಿರಲಿಲ್ಲ. ಆ ಮೂರನ್ನೂ ತಂದು ಟೆಕ್ನಿಷಿಯನ್ ಮುಂದಿಟ್ಟರು.

“ಮೂರು ವಾರ ಮಗೂಗೆ ಏನು ಉಣಿಸ್ದೆ?”

ಅವನು ಬಾಟಲಿಗಳಿಂದ ಮುಖ ತಿರುಗಿಸಿದ. ಇನ್‌ಸ್ಪೆಕ್ಟರ್ ಸರ್ಜನ್ ಕಡೆ ನೋಡಿದರು.

“ಕಳ್ಳತನವೇ ಆಗಿಲ್ಲ ಡಾಕ್ಟ್ರೇ. ಡಬ್ಬೀಲಿ ಇದ್ದದ್ದು ಯಾವಾಗಲೋ ಸತ್ತಿದೆ. ಇವತ್ತು ನೀವು ಕೇಳ್ತೀರಿ ಅಂತ ಇವನೇ ಬೀಗ ಒಡೆದ. ನಿನ್ನೆ ಕೂಗಾಡಿದ ತಮ್ಮನ ತಲೆಗೆ ಕಟ್ಟಿದ. ಅವನು ರಕ್ತ ಕೊಡೋಕೆ ಹೋಗಿದ್ದು ಮಾತ್ರ ಇವನಿಗೆ ಗೊತ್ತಿರಲಿಲ್ಲ.”

ಟೆಕ್ನಿಷಿಯನ್ ನೆಲದ ಮೇಲೇ ಕುಸಿದು ಕೂತ.

“ಎರಡನೇ ದಿನ ರಾತ್ರಿ ಪೆಟ್ಟಿಗೆ ಬಾಗಿಲು ಸರಿಯಾಗಿ ಹಾಕೋದು ಮರೆತೆ. ಬೆಳಿಗ್ಗೆ ಅಷ್ಟೂ ಸತ್ತಿದ್ವು. ಮುಂಚೇನೇ ಎರಡು ಸಲ ವಾರ್ನಿಂಗ್ ಕೊಟ್ಟಿದ್ರು. ಕೆಲಸ ಹೋಗುತ್ತೆ ಅಂತ ಹೆದರಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ…”

ದಿನಾ “ಚೆನ್ನಾಗಿ ಬೆಳೀತಿವೆ ಸರ್” ಎಂದಿದ್ದನಂತೆ. ಸರ್ಜನ್ ಮಹಾಶಯರೂ ಒಮ್ಮೆಯಾದರೂ ಇಣುಕಿ ನೋಡಿರಲಿಲ್ಲ.

ಬಾಗಿಲಲ್ಲಿ ನಿಂತು ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

“ಅವತ್ತೇ ಹೇಳಿದ್ರೆ ಏನಾಗ್ತಿತ್ತು ಡಾಕ್ಟ್ರೇ?”

ಸರ್ಜನ್ ತಲೆ ತಗ್ಗಿಸಿದರು. “ಇನ್ನೊಂದು ಸಲ ಕೊಬ್ಬು ತೆಗೆದು ಬೆಳೆಸ್ತಿದ್ವಿ. ಇನ್ನೆರಡು ಮೂರು ದಿನಕ್ಕೆ ಸಿದ್ಧ ಆಗ್ತಿತ್ತು. ಅಷ್ಟು ದಿನ ಹೇಗೋ ಕಾಯಬಹುದಿತ್ತು.”

“ಈಗ ತೆಗೀರಿ.”

“ಇನ್ನೂ ಮೂರು ವಾರ ಬೇಕಮ್ಮ. ಪಾದ ಕೊಳೆತು ಆದ ಕಪ್ಪು ಆಗಲೇ ಮೇಲಕ್ಕೆ ಏರ್ತಿದೆ. ಕಾಯ್ತಾ ಕೂತರೆ ಜೀವಕ್ಕೇ ಅಪಾಯ.”

ಅವಳು ಅಳಲಿಲ್ಲ. ಕಾಲು ಕತ್ತರಿಸುವ ಒಪ್ಪಿಗೆ ಪತ್ರ ಕೇಳಿ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದಳು. ಆಮೇಲೆ ನೆಲದ ಮೇಲೆ ಕೂತಿದ್ದವನ ಕಡೆ ತಿರುಗಿದಳು.

“ಕೆಲಸ ಹೋಗುತ್ತೆ ಅಂತ ಹೆದರಿದ್ರಾ ಅಣ್ಣ? ನಮ್ಮೆಜಮಾನ್ರಿಗೂ ಅದೇ ಭಯ ಇತ್ತು.”