ಒಂದು ಗೇಣು ಬಿಳಿ ಗೋಡೆ

"ಅಮ್ಮಾ, ನೀವೇ ಕಾಪಾಡಬೇಕು! ಸಂಜೆಯೊಳಗೆ ಲೈಸೆನ್ಸ್ ತೋರಿಸ್ದಿದ್ರೆ ನನಗೆ ಲಾಕಪ್ಪಂತೆ!"

ಗಡಿಯಾರ ರಿಪೇರಿಯವನು ಬಾಗಿಲಲ್ಲೇ ಗೋಳಿಟ್ಟಾಗ, ಸೊಸೆ ಅತ್ತೆಯ ಚಪ್ಪಲಿ ತಂದಿಟ್ಟಳು. ಬಂದೂಕು ಲೈಸೆನ್ಸಿನ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದ ಅತ್ತೆಗೆ ನಿವೃತ್ತಿಯಾದರೂ ಪತ್ತೇದಾರಿಯ ಚಟ ಬಿಟ್ಟಿರಲಿಲ್ಲ. ಸೊಸೆಗೂ ಆ ಚಟ ಅಂಟಿತ್ತೆನ್ನಿ.

ಅಂಗಡಿಯ ಗೋಡೆಯಲ್ಲಿ ಅವನ ಮುತ್ತಜ್ಜನ ಬಂದೂಕು ಹಗ್ಗದಲ್ಲಿ ತೂಗುತ್ತಿತ್ತು, ನಳಿಗೆಯ ಬಾಯಿಂದ ಮದ್ದು ತುಂಬುವ ಕಾಲದ್ದು. ಕೈಗಡಿಯಾರ ಒಯ್ಯಲು ಬಂದ ಇನ್‌ಸ್ಪೆಕ್ಟರು ಅದನ್ನು ಇಳಿಸಿ ನೋಡಿದರೆ, ತೋಟಾ ಹಾಕುವ ಬಂದೂಕು!

"ಲೈಸೆನ್ಸ್ ಬೇಡ ಅನ್ನೋಕೆ ಇಲ್ಲಿನ ಕಾನೂನು ಬರೀ ವಯಸ್ಸು ಕೇಳಲ್ಲ," ಎಂದರು ಅಂಗಡಿಗೆ ಬಂದ ಅತ್ತೆ, ಅಲ್ಲೇ ಕೂತಿದ್ದ ಇನ್‌ಸ್ಪೆಕ್ಟರಿಗೂ ಕೇಳುವಂತೆ. "ಹಳೇದಿರಬೇಕು, ಅದಕ್ಕೆ ಹಾಕೋ ತೋಟಾ ಈಗ ಪೇಟೇಲಿ ಸಿಗಬಾರದು, ಅಲಂಕಾರಕ್ಕಷ್ಟೇ ಇಟ್ಟಿರಬೇಕು. ಒಂದು ತಪ್ಪಿದ್ರೂ ಲೈಸೆನ್ಸ್ ಬೇಕು."

ಸೊಸೆ ಗೋಡೆ ನೋಡಿದಳು. ಬಂದೂಕಿದ್ದ ಕಡೆ ಸುಣ್ಣ ಬೆಳ್ಳಗೆ ಉಳಿದಿತ್ತು. ಮೇಜಿನ ಮೇಲಿದ್ದ ಬಂದೂಕನ್ನು ಅಲ್ಲಿಗೆ ಹಿಡಿದು ನೋಡಿದರೆ, ಬಂದೂಕಿಗಿಂತ ಗುರುತೇ ಒಂದು ಗೇಣು ಉದ್ದ!

"ಅತ್ತೇ, ಇದು ಅದಲ್ಲ!"

"ಜಾಣೆ. ಇನ್‌ಸ್ಪೆಕ್ಟರೇ, ಹಗ್ಗ ಬಿಚ್ಚೋಕೆ ಕಷ್ಟವಾಯ್ತಾ?"

"ಎಲ್ಲಿಯ ಕಷ್ಟ! ತುದಿ ಎಳೆದೆ, ಬಿಚ್ಕೊಳ್ತು."

ಈಚೆಗೆ ಅಲ್ಲಿ ಏಣಿ ಹತ್ತಿದವರು ಮೂವರು: ದೀಪ ಹಾಕಿದ ಲೈನ್‌ಮ್ಯಾನ್, ಧೂಳು ಹೊಡೆದ ರಿಪೇರಿಯವನ ಹೆಂಡತಿ, ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಬಾಮೈದ. ರಿಪೇರಿಯವನಂತೂ ಮೂಗಿನ ತುದಿಯ ಚಕ್ರ ಬಿಟ್ಟು ಬೇರೇನೂ ನೋಡದ ಪುಣ್ಯಾತ್ಮ. ಮಧ್ಯಾಹ್ನ ಅತ್ತೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು.

"ಮನೆಯೋರು, ಲೈನ್‌ಮ್ಯಾನ್ ಕಟ್ಟಿದ್ರೆ ಬೀಳದ ಹಾಗೆ ಬಿಗೀತಾರೆ. ಒಂದೇ ಎಳೆತಕ್ಕೆ ಬಿಚ್ಚೋ ಗಂಟು ಪರದೆ ಎಳೆಯೋನದು. ಕೈ ಅಭ್ಯಾಸ ಸುಳ್ಳು ಹೇಳಲ್ಲ. ಹಿಡಿಯ ಕೆಳಗೆ ನಂಬರಿದೆ ನೋಡಿ, ನಾಟಕ ಕಂಪನಿ ಲೈಸೆನ್ಸಿಂದು. ಆ ಲೈಸೆನ್ಸ್ ಬರೆದೋಳು ನಾನೇ!"

ಬಾಮೈದ ಬೆವೆತುಹೋದ. "ತಪ್ಪಾಯ್ತು ಭಾವ! ರಾಜರ ಕಾಲದ ನಾಟಕಕ್ಕೆ ಈ ಮೋಟು ಬಂದೂಕು ತಂದ್ರೆ ಜನ ಬಿದ್ದುಬಿದ್ದು ನಕ್ಕರು. ಅದಕ್ಕೇ ಇದನ್ನ ಇಲ್ಲಿ ಕಟ್ಟಿ ಮುತ್ತಜ್ಜನ ಬಂದೂಕು ಒಯ್ದೆ, ನಾಟಕ ಮುಗಿದ್ಮೇಲೆ ತಂದಿಡೋಣ ಅಂತ..." ಎನ್ನುತ್ತಾ ಓಡಿಹೋಗಿ ಅಸಲಿ ಬಂದೂಕು ತಂದ.

"ಹಾರಿಸಿದ್ಯಾ?" ಇನ್‌ಸ್ಪೆಕ್ಟರು ಗದರಿದರು. "ಹಾರಿಸಿದ್ರೆ ಅಲಂಕಾರ ಹೆಂಗಾಗುತ್ತೆ? ನಿಮ್ಮ ಭಾವನಿಗೆ ಲಾಕಪ್ಪೇ ಗತಿ."

"ಅಯ್ಯೋ ಇಲ್ಲ ಸ್ವಾಮಿ! ಗುಂಡಿನ ಸದ್ದಿಗೆ ಪರದೆ ಹಿಂದೆ ತಗಡು ಬಡಿದೆ!"

"ಸಾಕ್ಷಿ?"

ರಿಪೇರಿಯವನ ಮುಖ ಮತ್ತೆ ಬಿಳಿಚಿತು. ಸೊಸೆ ನಳಿಗೆಯೊಳಗೆ ಟಾರ್ಚ್ ಬಿಟ್ಟು ಕಿಲಕಿಲ ನಕ್ಕಳು. "ನೀವೇ ನೋಡಿ ಸರ್!"

ನಳಿಗೆಯ ತುಂಬ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು! ಎಷ್ಟೋ ವರ್ಷದ್ದು, ಒಂದು ಕಣವೂ ಉದುರಿರಲಿಲ್ಲ.

"ಈ ಹುಳಕ್ಕೆ ಲೈಸೆನ್ಸ್ ಬೇಡ ಬಿಡಿ," ಎಂದು ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ರಿಪೇರಿಯವನು ಬಾಮೈದನ ಕಿವಿ ಹಿಂಡಿ, ಆಮೇಲೆ ತಬ್ಬಿಕೊಂಡ. ಬಂದೂಕನ್ನು ತಾನೇ ಕಟ್ಟಿ ನಾಲ್ಕು ಗಂಟು ಹಾಕಿದ. ಈಗ ದಿನಕ್ಕೊಮ್ಮೆಯಾದರೂ ಚಕ್ರ ಬಿಟ್ಟು, ತಲೆಯೆತ್ತಿ ಮುತ್ತಜ್ಜನ ಬಂದೂಕು ನೋಡುತ್ತಾನೆ.