ಗಾಳಿಗೆ ತಿರುಗಿದ ಎಲೆ

"ಬಿಚ್ಚೇ, ನೋಡೋಣ!" ಎಂದಳು ನೂರೋವಾ.

ತೆಕೂರಾ ಮಡಿಸಿದ ಕೆಂಪು ಬಟ್ಟೆಯನ್ನು ಚಾಪೆಯ ಮೇಲೆ ಬಿಚ್ಚಿದಳು. ಬಿಚ್ಚಿದ್ದೇ ತಡ, ಹೊಲಿಯಲೆಂದು ವರಾಂಡದಲ್ಲಿ ಕೂತಿದ್ದ ನೆರೆಹೊರೆಯವರಾದ ನಮ್ಮೆಲ್ಲರ ಹಾಡು ಗಂಟಲಲ್ಲೇ ನಿಂತುಹೋಯಿತು. ಒಂದೇ ಹೂವಾಗಿ ಮಂಚದಗಲಕ್ಕೂ ಅರಳಿಕೊಳ್ಳಬೇಕಿದ್ದ ಲಿಲ್ಲಿ, ನಾಲ್ಕು ತುಂಡಾಗಿ ನಾಲ್ಕು ಕಡೆ ಬಿದ್ದಿತ್ತು! ಅಯ್ಯೋ ದೇವರೇ... ಕತ್ತರಿಸಿದ ಹೂವನ್ನು ಬೇರೆ ಬಟ್ಟೆಯ ಮೇಲಿಟ್ಟು ತಿವಾಯೆವಾಯೆ ಹೊದಿಕೆ ಹೊಲಿಯುವ ಮನೆಯಲ್ಲಿ ಹುಟ್ಟಿದ ಯಾವ ಹೆಣ್ಣಿಗಾದರೂ ಇದು ಗೊತ್ತು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಗೆರೆ ಎಳೆಯದೆ ಕತ್ತರಿ ಆಡಿಸುವವಳು ಮಡಿಕೆಗಳು ಕೂಡುವ ಮೂಲೆಯನ್ನು ತನ್ನ ಹೊಟ್ಟೆಯ ಕಡೆಗೆ ಇಟ್ಟುಕೊಳ್ಳಬೇಕು, ಅದೇ ಹೂವಿನ ನಡು. ಅದನ್ನು ತಿರುಗಿಸಿ ಹಿಡಿದರೆ ನಡುವೇ ಇರುವುದಿಲ್ಲ. ಹೊಸದಾಗಿ ಕಲಿಯುವ ಹುಡುಗಿಯರು ಮಾಡುವ ತಪ್ಪನ್ನು ಇಡೀ ರಾರೊಟೊಂಗಾ ದ್ವೀಪವೇ ಕರೆಸಿಕೊಳ್ಳುವ ತೆಕೂರಾ ಮಾಡಿದ್ದಳು. ಅದೂ ಗಂಡನ ಅಕ್ಕ ನೂರೋವಾಳ ಮಗಳ ಮದುವೆಯ ಹೊದಿಕೆಯಲ್ಲಿ!

"ನನ್ನ ಮಗಳಿಗೆ ನೀನು ಕೊಡೋ ಉಡುಗೊರೆ ಇದೇನಾ?" ನೂರೋವಾ ಒಂದು ತುಂಡನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. "ನೋಡ್ರೇ, ಎಲ್ರೂ ನೋಡ್ರಿ! ಅಮ್ಮನ ಲಿಲ್ಲಿ ಕಣೇ ಇದು, ಅಮ್ಮನ ಲಿಲ್ಲಿ! ಒಂದು ಎಸಳೂ ಆಚೀಚೆ ಆಗ್ಬಾರದು ಅಂತ ಬೆಳಗ್ಗಿನಿಂದ ಬಡ್ಕೋತಿದೀನಿ. ಮಂಗಾಯಾದಿಂದ ಬಂದವಳ ಕೈಗೆ ನಮ್ಮಮ್ಮನ ಕತ್ತರಿ ಕೊಟ್ಟಿದ್ದೇ ತಪ್ಪು!"

ತೆಕೂರಾ ಎದುರಾಡಲಿಲ್ಲ. ಎದುರಾಡಿದ್ದರೆ ನಮಗೂ ಸಮಾಧಾನವಾಗುತ್ತಿತ್ತು. ಅವಳು ನಾದಿನಿಗಿಂತ ಕ್ರೂರವಾಗಿ ತನ್ನನ್ನೇ ಬೈದುಕೊಂಡಳು.

"ಅಕ್ಕ ಹೇಳೋದು ಸರಿ... ನಾನು ಕಳ್ಳಿ. ಅತ್ತೆಯ ಕೈಚಳಕ ಕದ್ದು ಇಷ್ಟು ವರ್ಷ ಹೆಸರು ಮಾಡಿದೆ. ನಂದು ಅಂತ ಏನಿದೆ? ಏನೂ ಇಲ್ಲ. ಈ ಕೈಯೂ ದಂಡ, ನಾನೂ ದಂಡ!"

ಎದ್ದು ಹೋಗಿ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ತೆಪಾಯೆರು ಅವರ ಮಡಿಲಲ್ಲಿ ಕತ್ತರಿ ಇಟ್ಟಳು. "ಅತ್ತೆ, ಇನ್ನು ಇದನ್ನ ಮುಟ್ಟಲ್ಲ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಮುದುಕಿಗೆ ಕಣ್ಣು ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಮಡಿಲಿನ ಕತ್ತರಿಯನ್ನು ಸವರುತ್ತಾ ಸೊಸೆಯ ಹೆಜ್ಜೆಯ ಸದ್ದು ಕೇಳದಾಗುವವರೆಗೆ ಕಿವಿಗೊಟ್ಟು ಕೂತಿದ್ದರು.

ತೆಪಾಯೆರು ಎಂದರೆ ಒಂದು ಕಾಲಕ್ಕೆ ಈ ದ್ವೀಪದ ಕತ್ತರಿ. ಅವರ ಲಿಲ್ಲಿಯನ್ನು ಹೊದೆಯದ ಮದುಮಕ್ಕಳಿಲ್ಲ, ಅದನ್ನು ಸುತ್ತಿಕೊಳ್ಳದೆ ಮಣ್ಣಿಗಿಳಿದ ಹಿರಿಯರಿಲ್ಲ. ಕಣ್ಣಿಗೆ ಪೊರೆ ಬಂದಾಗ ಅವರು ಕತ್ತರಿಯನ್ನು ಹೆತ್ತ ಮಗಳಿಗೆ ಕೊಡದೆ ಸೊಸೆಯ ಕೈಗಿಟ್ಟರು. ನೂರೋವಾಳ ಸೂಜಿಗೆ ಸಾಟಿಯಿಲ್ಲ, ಅವಳ ಹೊಲಿಗೆ ಹುಡುಕಿದರೂ ಕಾಣದು. ಆದರೆ ಕತ್ತರಿ ಹಿಡಿದರೆ ಆ ಕೈ ಮರಗಟ್ಟುತ್ತಿತ್ತು. ಪಾಪ, ಅವಳ ಸಂಕಟವೂ ಸುಳ್ಳಲ್ಲ. ಹೆತ್ತ ತಾಯಿಯ ಕೈಯಿಂದ ಬರಬೇಕಿದ್ದುದು ಇನ್ನೊಬ್ಬಳ ಪಾಲಾಯಿತಲ್ಲ! ಆ ಕಿಚ್ಚನ್ನು ಅವಳು ದಿನವೂ ತಮ್ಮನ ಹೆಂಡತಿಯ ಮೇಲೆ ಕಾರುತ್ತಿದ್ದಳು. ತಮ್ಮನ ಹೆಸರು ತೆರೆ, ಮೀನಿನ ದೋಣಿಯವನು. ಅಕ್ಕನ ದನಿ ಏರಿತೆಂದರೆ ಬಲೆ ಸರಿಮಾಡುವ ನೆಪದಲ್ಲಿ ತೀರಕ್ಕೆ ಹೋಗಿಬಿಡುತ್ತಿದ್ದ.

ಇನ್ನು ತೆಕೂರಾ. ಹುಡುಗಿಯಾಗಿದ್ದಾಗ ಮಂಗಾಯಾ ದ್ವೀಪದ ಕಲ್ಲುಕಾಡಿನಲ್ಲಿ ತಾಯಿಯ ಹಿಂದೆ ಅಲೆದು ಮಾಯಿರೆ ಬಳ್ಳಿ ಕೊಯ್ದವಳು. ಸಣ್ಣ ಎಲೆ, ಮೂಗನ್ನು ಬಿಡದ ಪರಿಮಳ. ಅದನ್ನು ಹೊಸೆದು ಮಾಲೆ ಮಾಡುತ್ತಿದ್ದ ತಾಯಿ ಈಗಿಲ್ಲ. ಒಮ್ಮೆ ತೆಕೂರಾ ಹಳೆಯ ಹಾಸಿಗೆ ಬಟ್ಟೆಯಲ್ಲಿ ಆ ಬಳ್ಳಿಯನ್ನು ಕತ್ತರಿಸಿ, ಹಗ್ಗದ ಮೇಲೆ ಹಾಕಿ ದೂರ ನಿಂತು ನೋಡುತ್ತಿದ್ದಳು. ನೂರೋವಾ ಬಂದು "ಯಾರ ಮನೆ ಕಳೆಯೇ ಇದು?" ಎಂದಳು. ಅಷ್ಟೇ. ಸಂಜೆಗೆ ಆ ಬಟ್ಟೆ ಬಾಳೆಗೊನೆ ಮುಚ್ಚಲು ಹೋಯಿತು. ಅಲ್ಲಿಂದ ಮುಂದೆ ಬರೀ ಲಿಲ್ಲಿ, ಲಿಲ್ಲಿ, ಲಿಲ್ಲಿ. ಆ ದಿನವೂ ಮನಸ್ಸು ಬಳ್ಳಿಯ ಮೇಲೆ, ಕೈ ಹೂವಿನ ಮೇಲೆ, ನಾದಿನಿ ತಲೆಯ ಮೇಲೆ! ಮೂಲೆ ತಿರುಗಿದ್ದು ಅವಳಿಗೆ ತಿಳಿಯಲೇ ಇಲ್ಲ.

ಅವತ್ತಿನಿಂದ ತೆಕೂರಾ ಕೆಸುವಿನ ಗದ್ದೆ ಸೇರಿದಳು. ಬೆಳಕು ಹರಿದರೆ ಮೊಣಕಾಲುದ್ದ ಕೆಸರು, ಕತ್ತಲಾದ ಮೇಲೆ ಮನೆ. ಬಟ್ಟೆ ಹಿಡಿದು ಬಂದವರನ್ನೆಲ್ಲ ಬಾಗಿಲಿಂದಲೇ ವಾಪಸು ಕಳಿಸಿದಳು. ಮದುವೆ ಹತ್ತಿರ ಬರುತ್ತಿತ್ತು. ಆ ನಾಲ್ಕು ತುಂಡು ವರಾಂಡದಲ್ಲೇ ಬಿದ್ದಿದ್ದವು, ಎತ್ತಿಡಲು ಯಾರಿಗೂ ಧೈರ್ಯ ಸಾಲಲಿಲ್ಲ.

ಒಂದು ಬೆಳಿಗ್ಗೆ ತೆಪಾಯೆರು ಪಕ್ಕದ ಮನೆಯ ಅಕಾಯಿತಿಯ ತೋಳು ಹಿಡಿದು, ಕೋಲೂರಿಕೊಂಡು ಗದ್ದೆಯ ಬದುವಿಗೆ ಬಂದರು.

"ಅಯ್ಯೋ ಅತ್ತೆ! ಇಲ್ಲಿಗ್ಯಾಕೆ ಬಂದ್ರಿ? ಜಾರುತ್ತೆ!"

"ಕಳೆ ಕೀಳ್ತಿದೀಯೋ, ನಿನ್ನನ್ನೇ ಕಿತ್ಕೋತಿದೀಯೋ ನೋಡೋಣ ಅಂತ ಬಂದೆ." ಅಕಾಯಿತಿ ಬಕೆಟ್ ಬೋರಲು ಹಾಕಿದಳು, ಮುದುಕಿ ಅದರ ಮೇಲೆ ಕೂತರು. "ದಾರಿಯುದ್ದಕ್ಕೂ ಕೇಳಿಸ್ಕೊಂಡೆ ನಿನ್ನ ಗೊಣಗಾಟ. 'ದಂಡದವಳು, ಕಳ್ಳಿ, ಕೈಲಾಗದವಳು...' ಯಾರನ್ನೇ ಹಾಗೆ ಬೈತಾ ಇದ್ದೆ?"

ತೆಕೂರಾ ಒಂದು ಎಲೆ ಹರಿದಳು.

"ಹೋದ ತಿಂಗಳು ಈ ಅಕಾಯಿತಿ ಒಂದು ಎಲೆ ಉಲ್ಟಾ ಹೊಲಿದು ಗೋಳೋ ಅಂತ ಅತ್ತಳಲ್ಲ, ಏನಂದೆ ನೀನು?"

"ಬಿಡಿ ಅತ್ತೆ, ಈಗ ಅದ್ಯಾಕೆ..."

"ಹೇಳೇ!"

"...'ಬಿಡೇ, ಗಾಳಿಗೆ ತಿರುಗಿದೆ ಅಂದ್ಕೋ' ಅಂದೆ."

"ಅಂದೆ. ಅಷ್ಟೇನಾ? ಬೆನ್ನು ಸವರಿದೆ. ನಿನ್ನ ತಟ್ಟೆಯ ಡೋನಟ್ ತೆಗೆದು ಕೊಟ್ಟೆ."

"ಎರಡು ಕೊಟ್ಟಳು" ಎಂದಳು ಅಕಾಯಿತಿ.

"ನೋಡು, ಎರಡಂತೆ! ಇವಳು ನಿಂಗೆ ಏನಾಗ್ಬೇಕು? ಬೇಲಿಯಾಚೆಯವಳು. ನನ್ನ ಸೊಸೆ ಈ ಕೆಸರಲ್ಲಿ ಅನ್ನ ನೀರಿಲ್ಲದೆ ನಿಂತಿದ್ದಾಳೆ. ಅವಳಿಗೆ ಒಂದು ಡೋನಟ್ ಕೊಡೋಕೆ ನಿಂಗೆ ಕೈ ಬರಲ್ವಾ? ಅವಳ ಬೆನ್ನು ಸವರೋಕೆ ಆಗಲ್ವಾ? ಅಷ್ಟೊಂದು ಕಲ್ಲು ಮನಸ್ಸೇನೇ ನಿಂದು, ನನ್ನ ಸೊಸೆ ಮೇಲೆ?"

ತೆಕೂರಾ ಕೆಸರು ಮೆತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಅವತ್ತು ಎಲ್ಲರೆದುರು ಬಾರದ ಅಳು ಈಗ ಬಂತು... ತಡೆಯಲಾಗದೆ, ಬಿಕ್ಕಿ ಬಿಕ್ಕಿ ಬಂತು. ಮುದುಕಿ ಸುಮ್ಮನೆ ಅಳಲು ಬಿಟ್ಟರು.

"ನಿನ್ನ ಕೈಗೆ ನನ್ನ ಲಿಲ್ಲಿ ಸಾಕಾಗಿದೆ, ಮಗಳೇ" ಎಂದರು ಆಮೇಲೆ, ದನಿ ತಗ್ಗಿಸಿ. "ಕಣ್ಣಿಲ್ಲದಿದ್ರೇನು, ಕತ್ತರಿ ಸದ್ದಲ್ಲೇ ಗೊತ್ತಾಗುತ್ತೆ. ನನ್ನ ಹೂವು ಕತ್ತರಿಸುವಾಗ ಉಸಿರು ಬಿಗಿಹಿಡ್ಕೋತೀಯ. ಆ ಹಳೇ ಬಟ್ಟೆಯಲ್ಲಿ ನಿಮ್ಮೂರ ಬಳ್ಳಿ ಕತ್ತರಿಸಿದ ದಿನ ಹಾಡ್ತಾ ಇದ್ದೆ."

"ನಿಮಗೆ... ಗೊತ್ತಿತ್ತಾ ಅತ್ತೆ?"

"ಗೊತ್ತಿತ್ತು. ಬಾಯಿ ಬಿಡಲಿಲ್ಲ. ನನ್ನ ಹೂವು ನಿನ್ನ ಕೈಯಲ್ಲಿದ್ರೆ ನಾನೇ ಇದ್ದ ಹಾಗೆ ಅಂತ ಒಂದಾಸೆ. ಮುದುಕಿ ಆಸೆ ಕಣೇ. ಅದಕ್ಕೋಸ್ಕರ ನಿನ್ನನ್ನ ನನ್ನ ನೆರಳಲ್ಲೇ ಇಟ್ಕೊಂಡೆ."

"ಹಾಗನ್ನಬೇಡಿ!" ತೆಕೂರಾ ಬದು ಹತ್ತಿ ಬಂದು ಅವರ ಮೊಣಕಾಲಿಗೆ ತಲೆಯಿಟ್ಟಳು. "ನಿಮ್ಮ ಹೂವು ಇಲ್ಲದಿದ್ರೆ ನಂಗೆ ಕತ್ತರಿ ಹಿಡಿಯೋಕೇ ಬರ್ತಿರಲಿಲ್ಲ. ತಾಯಿ ಇಲ್ಲದವಳಿಗೆ ನೀವು ಏನೇನು ಕೊಟ್ರಿ... ಯಾವ ಜನ್ಮದಲ್ಲಿ ತೀರಿಸ್ಲಿ?"

"ತೀರಿಸು ಅಂತ ಕೇಳಿದ್ನಾ? ಏಳು. ಕೈ ತೊಳ್ಕೋ. ಹಸಿವಾಗ್ತಿದೆ ನಂಗೆ."

ಮಧ್ಯಾಹ್ನ ಎಲ್ಲರಿಗೂ ಕರೆ ಹೋಯಿತು. ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಸೊಪ್ಪಿನ ಪಾತ್ರೆಯನ್ನು ನಡುವೆ ಇಟ್ಟು ಊಟ ಮುಗಿಸಿ, ವರಾಂಡದಲ್ಲಿ ಬಿಳಿ ಬಟ್ಟೆ ಹಾಸಿದೆವು. ತೆಕೂರಾ ಆ ನಾಲ್ಕು ಕೆಂಪು ತುಂಡುಗಳನ್ನು ನಾಲ್ಕು ಮೂಲೆಗೆ ಇಟ್ಟಳು. ನಡುವೆ ಅಗಲವಾದ ದಾರಿಯಂತೆ ಖಾಲಿ ಜಾಗ ಉಳಿಯಿತು. ಅವಳು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಹಸಿರು ಬಟ್ಟೆ ಕೇಳಿದಳು. ತೆಪಾಯೆರು ಮಡಿಲಲ್ಲಿದ್ದ ಕತ್ತರಿಯನ್ನು ಅವಳ ಕೈಗೆ ವಾಪಸು ಇಟ್ಟರು.

"ಏನ್ ಮಾಡೋಕೆ ಹೊರಟಿದೀಯ?" ನೂರೋವಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಆ ಕಾಡುಬಳ್ಳಿನಾ? ಮದುವೆ ಹೊದಿಕೆ ಮೇಲೆ? ಜನ ನಗ್ತಾರೆ! ಅಮ್ಮಾ, ನೀನಾದ್ರೂ ಹೇಳು!"

ತೆಕೂರಾ ತಲೆಯೆತ್ತಿ ನಾದಿನಿಯನ್ನು ನೋಡಿದಳು. ಕತ್ತರಿ ಕೆಳಗಿಡಲಿಲ್ಲ. "ಅಕ್ಕಾ, ಲಿಲ್ಲಿ ಅತ್ತೆಯದು, ಅದು ಮೂಲೆಗೆ ನಾಲ್ಕು ಇದೆ. ನಡುವೆ ನನಗೆ ಬರೋದನ್ನ ಇಡ್ತೀನಿ. ಚೆನ್ನಾಗಿಲ್ಲದಿದ್ರೆ ಬೈಯಿರಿ, ಬೈಸ್ಕೋತೀನಿ. ಆದ್ರೆ ಮುಂಚೆನೇ ಬೇಡ."

ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಮದುಮಗಳು ವೈನೆ ತಲೆಯೆತ್ತಿ, "ಅಮ್ಮಾ, ಹೊದ್ಕೊಳ್ಳೋಳು ನಾನು. ನಂಗೆ ಬಳ್ಳಿ ಬೇಕು" ಎಂದಳು. ನೂರೋವಾ ಸೊಂಟದ ಮೇಲಿನ ಕೈ ಇಳಿಸಿದಳು. ಕತ್ತರಿಯ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದರ ಜೊತೆಗೆ ಒಂದು ಹಾಡು, ಮೊದಮೊದಲು ಮೂಗಿನಲ್ಲೇ. ಕುರ್ಚಿಯಲ್ಲಿದ್ದ ತೆಪಾಯೆರು ಕಣ್ಣು ಮುಚ್ಚಿ ನಕ್ಕರು.

ಮದುವೆಯ ದಿನ ಆ ಹೊದಿಕೆಯನ್ನು ಮದುಮಕ್ಕಳ ಹೆಗಲಿಗೆ ಹೊದಿಸಿದಾಗ ಕೆಂಪು ಹೂವುಗಳ ನಡುವೆ ಹಸಿರು ಬಳ್ಳಿ ಹರಿದಾಡುತ್ತಿತ್ತು. ಅದೆಷ್ಟು ಚೆಂದ ಎಂದು ಹೇಳಲಿ! ಅರೋರಂಗಿ ಹಳ್ಳಿ ಕಡೆಯ ಹಿರಿಯಳೊಬ್ಬಳು "ಇದು ತೆಪಾಯೆರು ಕೈಯದಲ್ವಾ?" ಎಂದಳು. ಮುದುಕಿ ಕೋಲು ನೆಲಕ್ಕೆ ಕುಟ್ಟಿ, ಇಡೀ ಚಪ್ಪರಕ್ಕೆ ಕೇಳುವಂತೆ "ಅಲ್ಲ! ತೆಕೂರಾದು! ನನ್ನ ಸೊಸೇದು!" ಎಂದು ಕೂಗಿದರು. ಹೊದಿಕೆಯ ಒಂದು ತುದಿ ನೆಲಕ್ಕೆ ತಾಗುತ್ತಿತ್ತು, ನೂರೋವಾ ಬಗ್ಗಿ ಅದನ್ನು ಎತ್ತಿ ಹಿಡಿದುಕೊಂಡಳು.

ಮುಂದಿನ ವರ್ಷ ತೆಪಾಯೆರು ಹಾಸಿಗೆ ಹಿಡಿದರು. ತಮ್ಮನ್ನು ಕಳಿಸಿಕೊಡುವ ಹೊದಿಕೆಯನ್ನು ತಾವೇ ಕೇಳಿದರು. "ಲಿಲ್ಲಿ ಬೇಡ, ಜನ್ಮವೆಲ್ಲ ಅದರ ಕೆಳಗೆ ಮಲಗಿದ್ದೀನಿ. ನಿಮ್ಮೂರ ಬಳ್ಳಿ ಹೊದಿಸು. ಘಮ್ಮಂತ ಹೋಗ್ತೀನಿ." ಅವರ ಮಂಚದ ಪಕ್ಕದಲ್ಲೇ ಕೂತು ತೆಕೂರಾ ಹಸಿರು ಬಟ್ಟೆ ಮಡಿಸಿದಳು. ಮಡಿಕೆಯ ಮೂಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು, ಒಮ್ಮೆ ಮುಟ್ಟಿ ನೋಡಿಕೊಂಡಳು. ನಾವೆಲ್ಲ ಸುತ್ತ ಕೂತಿದ್ದೆವು. ನೂರೋವಾ ತಾಯಿಯ ಪಾದ ನೀವುತ್ತಿದ್ದಳು.

ಅರ್ಧ ಕತ್ತರಿಸಿದ್ದಳು. ಮುದುಕಿಗೆ ಜೋರಾಗಿ ಕೆಮ್ಮು ಬಂತು. ತೆಕೂರಾ ಬೆಚ್ಚಿ ತಿರುಗಿದಳು, ಕತ್ತರಿ ಜಾರಿತು. ಒಂದು ಎಲೆಯ ತುದಿ ಕಚಕ್ಕೆಂದು ಹೋಯಿತು! ನಾಲ್ಕು ಮಡಿಕೆಯ ಬಟ್ಟೆ, ಒಂದು ತಪ್ಪು ನಾಲ್ಕು ಕಡೆ ಬರುತ್ತದೆ. ಎಲ್ಲರ ಕಣ್ಣೂ ನೂರೋವಾಳ ಕಡೆ ಹೋಯಿತು, ಆಮೇಲೆ ತೆಕೂರಾಳ ಕಡೆ. ಅವಳ ಮುಖ ಬಿಳಿಚಿಕೊಂಡಿತ್ತು. ಹಳೆಯ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದವೆಂದು ನನಗನಿಸಿತು.

"ಏನಾಯ್ತೇ? ಕತ್ತರಿ ಯಾಕೆ ನಿಂತೋಯ್ತು?" ಎಂದರು ತೆಪಾಯೆರು.

ತೆಕೂರಾ ಉದ್ದ ಉಸಿರೆಳೆದುಕೊಂಡಳು. ಎಡಗೈಯಿಂದ ತನ್ನ ಬಲಗೈಯನ್ನು ಮೆಲ್ಲಗೆ ಸವರಿದಳು, ಮಗುವಿನ ಬೆನ್ನು ಸವರುವಂತೆ.

"ಏನಿಲ್ಲ ಅತ್ತೆ. ಒಂದು ಎಲೆ ತುದಿ ಹೋಯ್ತು. ಬಿಡಿ... ಗಾಳಿಗೆ ತಿರುಗಿದೆ."

"ಒಂದಾ? ನಾಲ್ಕು ಅನ್ನು! ನಾಲ್ಕೂ ಕಡೆಯಿಂದ ಗಾಳಿ ಬೀಸ್ತಿದೆ ಹಾಗಾದ್ರೆ!" ಮುದುಕಿ ಕೆಮ್ಮುತ್ತಲೇ ನಕ್ಕರು. ನಾವೂ ನಕ್ಕೆವು, ಕಣ್ಣೊರೆಸಿಕೊಳ್ಳುತ್ತಾ ನಕ್ಕೆವು.

ನೂರೋವಾ ನಗಲಿಲ್ಲ. ತಾಯಿಯ ಪಾದವನ್ನು ಮೆತ್ತಗೆ ಹಾಸಿಗೆಯ ಮೇಲಿಟ್ಟು, ಎದ್ದು ಬಂದು ತೆಕೂರಾಳ ಪಕ್ಕ ಚಾಪೆಯ ಮೇಲೆ ಕೂತಳು. ಸೂಜಿಗೆ ದಾರ ಪೋಣಿಸಿದಳು. ದಾರ ಎರಡು ಸಲ ತಪ್ಪಿತು, ಕಣ್ತುಂಬ ನೀರಿತ್ತಲ್ಲ.

"ಆ ನಾಲ್ಕು ಎಲೆ ನಂಗಿರ್ಲಿ" ಎಂದಳು. "ನಾನು ಹೊಲೀತೀನಿ. ತುದಿ ಒಳಗೆ ಮಡಿಸಿ ಹೊಲಿದ್ರೆ ಚಿಗುರಿನ ಹಾಗೆ ಕಾಣುತ್ತೆ. ನಿಂಗೆ ಅಷ್ಟು ಸಣ್ಣ ಹೊಲಿಗೆ ಬರಲ್ಲ, ನಂಗೆ ಗೊತ್ತು."

"ನಿಜ ಅಕ್ಕಾ, ನಂಗೆ ಬರಲ್ಲ" ಎಂದಳು ತೆಕೂರಾ, ಅಳುತ್ತಾ ನಗುತ್ತಾ.

ತೆಪಾಯೆರು ಅವರನ್ನು ಮನೆಯಂಗಳದಲ್ಲೇ ಮಣ್ಣು ಮಾಡಿದೆವು. ಹೊದಿಕೆ ಸುತ್ತುವಾಗ ನೂರೋವಾ ತಾನು ಹೊಲಿದ ಎಲೆಯೊಂದು ತಾಯಿಯ ಕೆನ್ನೆಯ ಹತ್ತಿರ ಬರುವಂತೆ ಸರಿಪಡಿಸಿದಳು, ಆಮೇಲೆ ತೆಕೂರಾಳ ಕೈ ಹಿಡಿದು ಆ ಎಲೆಯ ಮೇಲಿಟ್ಟಳು. ತೆಕೂರಾ ಬಗ್ಗಿ ಅತ್ತೆಯ ಹಣೆಗೆ ಮುತ್ತಿಟ್ಟು, "ಕತ್ತರಿ ಕೊಟ್ಟಿದ್ದಕ್ಕೆ... ವಾಪಸು ಕೊಟ್ಟಿದ್ದಕ್ಕೆ ಇನ್ನೂ ಹೆಚ್ಚು..." ಎಂದಳು. ತೀರದ ಕಡೆಯಿಂದ ಗಾಳಿ ಬರುತ್ತಿತ್ತು. ನಾವು ಹಾಡಲು ಶುರು ಮಾಡಿದೆವು. ಮೊದಲ ದನಿ ತೆಗೆದವಳು ತೆಕೂರಾ.